ಕೋಟಿನ ಗುಂಡಿಗಳ ನಡುವೆ ಇಣುಕಿದ ಕ್ಯಾಮೆರಾ

ರೈಲಿನಲ್ಲಿ ಎದುರಿಗೆ ಕೂತವರನ್ನು ಅವರಿಗೇ ಗೊತ್ತಾಗದ ಹಾಗೆ ಮೊಬೈಲಿನಲ್ಲಿ ಸೆರೆಹಿಡಿದು, ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ಇನ್‌ಸ್ಟಾಗ್ರಾಂಗೆ ಹಾಕಿಬಿಡುವ ಕಾಲ ಇದು. ಅಮೆರಿಕದ ಛಾಯಾಗ್ರಾಹಕ ವಾಕರ್ ಇವಾನ್ಸ್ ಇಂಥದ್ದೇ ಕೆಲಸವನ್ನು ಎಂಟು ದಶಕಗಳ ಹಿಂದೆಯೇ ಮಾಡಿದ್ದ. ಮಾಡಿ, ಆಮೇಲೆ ಅಳುಕಿದ್ದ.

1903ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿದ ಇವಾನ್ಸ್‌ಗೆ ಸಾಹಿತಿಯಾಗುವ ಹುಚ್ಚಿತ್ತು. 1926ರಲ್ಲಿ ಪ್ಯಾರಿಸ್‌ಗೂ ಹೋಗಿಬಂದ. ಬರವಣಿಗೆ ಕೈಹತ್ತಲಿಲ್ಲ, ನ್ಯೂಯಾರ್ಕಿಗೆ ಮರಳಿ ಕ್ಯಾಮೆರಾ ಹಿಡಿದ. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ, 1936ರಲ್ಲಿ, ಅಲಬಾಮಾದ ಬಡ ಗೇಣಿದಾರ ಕುಟುಂಬಗಳ ಜೊತೆಗಿದ್ದು ತೆಗೆದ ಚಿತ್ರಗಳು ಇವತ್ತಿಗೂ ಆತನ ಹೆಸರಿನೊಂದಿಗೇ ನೆನಪಾಗುತ್ತವೆ. ಅಲ್ಲಿ ಜನ ಕ್ಯಾಮೆರಾವನ್ನು ನೇರ ದಿಟ್ಟಿಸಿದ್ದರು. ಆದರೆ ಫೋಟೊ ತೆಗೀತಿದ್ದಾರೆ ಅಂತ ಗೊತ್ತಾದ ಕೂಡಲೇ ಮುಖ ಬದಲಾಗುತ್ತದಲ್ಲ, ಹಾಗೆ ಬದಲಾಗದ ಮುಖ ಈಗ ಆತನಿಗೆ ಬೇಕಾಗಿತ್ತು.

1938ರ ಚಳಿಗಾಲದಲ್ಲಿ ನ್ಯೂಯಾರ್ಕ್ ಸಬ್‌ವೇ ಹತ್ತಿದ. 35 ಎಂಎಂ ಕಾಂಟ್ಯಾಕ್ಸ್ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಬಣ್ಣ ಬಳಿದು ಕೋಟಿನೊಳಗೆ ಕಟ್ಟಿಕೊಂಡಿದ್ದ. ಲೆನ್ಸ್ ಗುಂಡಿಗಳ ನಡುವೆ ಇಣುಕುತ್ತಿತ್ತು. ಶಟರ್ ಒತ್ತುವ ಕೇಬಲ್ ತೋಳಿನೊಳಗಿಂದ ಅಂಗೈಗೆ ಬಂದಿತ್ತು. ವ್ಯೂಫೈಂಡರ್‌ನಲ್ಲಿ ನೋಡುವ ಹಾಗಿಲ್ಲ, ಫ್ಲಾಶ್ ಇಲ್ಲ, ಬೋಗಿಯ ಮಂದ ಬೆಳಕೇ ಗತಿ. ಸಬ್‌ವೇಯಲ್ಲಿ ಅನುಮತಿಯಿಲ್ಲದೆ ಫೋಟೊ ತೆಗೆಯುವಂತೆಯೂ ಇರಲಿಲ್ಲ. ಕೆಲವೊಮ್ಮೆ ಕಿರಿಯ ಛಾಯಾಗ್ರಾಹಕಿ ಹೆಲೆನ್ ಲೆವಿಟ್ ಪಕ್ಕದಲ್ಲಿ ಕೂತಿರುತ್ತಿದ್ದಳು. ಪಕ್ಕದಲ್ಲಿ ಒಬ್ಬರಿದ್ದರೆ ಅನುಮಾನ ಕಮ್ಮಿ ನೋಡಿ. 1941ರವರೆಗೆ ಹೀಗೆ ಆರುನೂರಕ್ಕೂ ಹೆಚ್ಚು ಚಿತ್ರಗಳಾದವು. ತೂಕಡಿಸುವವರು, ಪೇಪರ್ ಓದುವವರು, ಎತ್ತಲೋ ನೋಡುತ್ತ ಕೂತವರು.

ಅವನ್ನು ಇವಾನ್ಸ್ ತಕ್ಷಣ ಹೊರಗೆ ತರಲಿಲ್ಲ. ಗೆಳೆಯ ಜೇಮ್ಸ್ ಏಜಿ 1940ರಲ್ಲೇ ಮುನ್ನುಡಿ ಬರೆದುಕೊಟ್ಟಿದ್ದ. 1945ರಿಂದ ಇಪ್ಪತ್ತು ವರ್ಷ ಇವಾನ್ಸ್ 'ಫಾರ್ಚೂನ್' ಪತ್ರಿಕೆಯಲ್ಲಿ ದುಡಿದ. ಅದಕ್ಕಾಗಿ ರೈಲಿನ ಕಿಟಕಿಯಿಂದ ಕಂಡ ಅಮೆರಿಕವನ್ನೂ ಸೆರೆಹಿಡಿದ. ಈ ನಡುವೆ 1955ರಲ್ಲಿ ಏಜಿ ತೀರಿಕೊಂಡ. ಸಬ್‌ವೇ ಚಿತ್ರಗಳಲ್ಲಿ ಕೆಲವು ಮಾತ್ರ ಪತ್ರಿಕೆಗಳಲ್ಲಿ ಬಂದವು. 'ಮೆನಿ ಆರ್ ಕಾಲ್ಡ್' ಪುಸ್ತಕ ಬಂದದ್ದು 1966ರಲ್ಲಿ, 89 ಚಿತ್ರಗಳೊಂದಿಗೆ. ತಾನು ಗೂಢಚಾರನಂತೆ ನಡೆದುಕೊಂಡೆ ಎಂಬ ಪಶ್ಚಾತ್ತಾಪವನ್ನು ಆತನೇ ಬರೆದಿದ್ದಾನೆ.

ಕಾಲು ಶತಮಾನ ಕಾದದ್ದರಿಂದ ಒಪ್ಪಿಗೆಯ ಪ್ರಶ್ನೆ ಬಗೆಹರಿಯಿತು ಅಂತ ನನಗನಿಸೋದಿಲ್ಲ. ಅಷ್ಟರಲ್ಲಿ ಗುರುತು ಸಿಗದಷ್ಟು ಮುಖಗಳು ಮಾಗಿದ್ದವು, ಅಷ್ಟೇ. ಇವಾನ್ಸ್ 1975ರಲ್ಲಿ ತೀರಿಕೊಂಡ. ಆ ಪ್ರಯಾಣಿಕರಲ್ಲಿ ಹೆಚ್ಚಿನವರ ಹೆಸರು ಆತನಿಗೆ ಕೊನೆಗೂ ಗೊತ್ತಿರಲಿಲ್ಲ.