ವಚನಪಿತಾಮಹ ಶ್ರೀ ಫ. ಗು. ಹಳಕಟ್ಟಿಯವರು

ಉದರಪೋಷಣೆಗಾಗಿ ಮಾಡುವ ವೃತ್ತಿಯೊಂದು. ಜೀವಿತವನ್ನೇ ಸಮರ್ಪಿಸಿ ನಡೆಸುವ ಕಾಯಕವೊಂದು. ಇವೆರಡೂ ಒಂದೇ ಆಗಿದ್ದರೆ ಅದು ಭಾಗ್ಯ. ಅವು ಬೇರೆಯಾಗಿ ನಿಂತಾಗ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗೆ ನುಡಿಯಿಂದಲ್ಲ, ನಡೆಯಿಂದ ಉತ್ತರವಿತ್ತವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಇವರ ತಂದೆ ಗುರುಬಸಪ್ಪನವರು ಶಿಕ್ಷಕರೂ ಲೇಖಕರೂ ಆಗಿದ್ದರು. ಮುಂಬಯಿಯಲ್ಲಿ ಉಚ್ಚಶಿಕ್ಷಣ ಪಡೆದು, 1904ರಲ್ಲಿ ಕಾಯದೆಯ ಪದವಿ ಗಳಿಸಿ, ಬೆಳಗಾವಿಯಲ್ಲಿ ಕೆಲಕಾಲವಿದ್ದು ಬಿಜಾಪುರದಲ್ಲಿ ವಕೀಲಿವೃತ್ತಿಯಲ್ಲಿ ನೆಲೆನಿಂತರು. ಆ ಕಾಲದಲ್ಲಿ ಕಾಯದೆ ಬಲ್ಲವನ ಮನೆಗೆ ಧನವೂ ಮಾನವೂ ತಾವಾಗಿ ನಡೆದುಬರುತ್ತಿದ್ದವು. ವಿದ್ಯಾಸಂಸ್ಥೆ, ಸಹಕಾರಿ ಬ್ಯಾಂಕುಗಳ ಸ್ಥಾಪನೆಯಲ್ಲಿಯೂ ದುಡಿದ ಇವರಿಗೆ ಮುಂದಿನ ಬಾಳು ಸುಗಮವಾಗಿಯೇ ಇತ್ತು.

ಆದರೆ ಇವರ ಚಿತ್ತವನ್ನು ಸೆಳೆದದ್ದು ತಾಳೆಯೋಲೆಗಳು. ಶಿವಶರಣರ ವಚನಗಳನ್ನು ಹೊತ್ತ ಕಟ್ಟುಗಳು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಇದ್ದವು. ಎಷ್ಟೋ ಕಡೆ ಅವು ಪೂಜೆಗೊಳ್ಳುತ್ತಿದ್ದುವೇ ಹೊರತು ಪಠನಗೊಳ್ಳುತ್ತಿರಲಿಲ್ಲ. ಹುಳು ತಿಂದು ನಶಿಸುತ್ತಿದ್ದವು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಸಂಗ್ರಹಿಸಿದರು; ಪ್ರತಿಮಾಡಿ, ಪಾಠಗಳನ್ನು ಹೋಲಿಸಿ ಶೋಧಿಸಿದರು. ಈ ಕಾಯಕ ಬೆಳೆದಂತೆ ನ್ಯಾಯಾಲಯದ ವೃತ್ತಿ ಕ್ಷೀಣಿಸಿತು.

ಸಿದ್ಧವಾದ ವಚನಶಾಸ್ತ್ರಸಾರದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ಹಿಂದಕ್ಕೆ ಕಳುಹಿಸಿತು. ಕೊನೆಗೆ 1923ರಲ್ಲಿ ಅದರ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯಗಳನ್ನು ನೆಚ್ಚಿದರೆ ಕಾರ್ಯ ಸಾಗದೆಂದು ಮನಗಂಡು, ಇದ್ದ ಮನೆಯನ್ನು ಮಾರಿ, 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆ ಹೊರಟಿತು. ಮರುವರ್ಷ ನವಕರ್ನಾಟಕ ವಾರಪತ್ರಿಕೆ. 1926ರಲ್ಲಿಯೇ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವೂ ಇವರಿಗೆ ದೊರೆಯಿತು.

ಗೌರವ ಬಂದಿತು, ಬಡತನ ಹೋಗಲಿಲ್ಲ. ಸಾವಿರಾರು ಪುಟಗಳನ್ನು ಲೋಕಕ್ಕಿತ್ತವರು ಹಳೆಯ ಕೋಟು ತೊಟ್ಟು, ಸೈಕಲ್ಲೇರಿ ಓಡಾಡಿದರು. ಮಾರಿದ ಮನೆ ಒಬ್ಬರದೇ ಅಲ್ಲ. ಅವರ ವ್ರತದ ಭಾರವನ್ನು ಕುಟುಂಬವೂ ಹೊತ್ತಿತೆಂಬುದನ್ನು ಮರೆಯಬಾರದು.

ಫಲವಾದರೂ ಸಾಮಾನ್ಯವಲ್ಲ. ಇನ್ನೂರಕ್ಕೂ ಮಿಕ್ಕ ವಚನಕಾರರು ಬೆಳಕಿಗೆ ಬಂದರು. ಹರಿಹರನ ರಗಳೆಗಳೂ ಅಚ್ಚು ಕಂಡವು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. 1993ರಲ್ಲಿ ರಾಜ್ಯ ಸರಕಾರವು 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿದಾಗ, ಅದರ ತಳಹದಿಯಲ್ಲಿ ಈ ಒಬ್ಬರ ಶ್ರಮವಿತ್ತು.

ಗೃಹಸ್ಥರೆಲ್ಲರೂ ಮನೆ ಮಾರಬೇಕೆಂದು ಇದರ ತಾತ್ಪರ್ಯವಲ್ಲ. ಮಕ್ಕಳ ಅನ್ನವನ್ನು ಚಿಂತಿಸುವುದೂ ಧರ್ಮವೇ. ಆದರೆ ಎಲ್ಲವೂ ಭದ್ರವಾದ ಬಳಿಕ ಸತ್ಕಾರ್ಯಕ್ಕೆ ತೊಡಗುವೆನೆನ್ನುವವನಿಗೆ ಆ ದಿನ ಬಾರದು. ಹಳಕಟ್ಟಿಯವರು ಲಾಭನಷ್ಟದ ಲೆಕ್ಕ ಹಾಕುತ್ತ ಕುಳಿತಿದ್ದರೆ, ಓಲೆಗೆ ಹತ್ತಿದ ಹುಳು ಅವರಿಗಾಗಿ ಕಾಯುತ್ತಿರಲಿಲ್ಲ.