ಅಂಜದ ಅಂಬಿಗ ಚೌಡಯ್ಯ

ಒಂಟಿ ಮೀನು ಹೊಸ ನೀರಿನಲ್ಲಿ ಮರೆ ಹುಡುಕುತ್ತದೆ. ಹಿಂಡು ಜೊತೆಗಿದ್ದರೆ ಅದೇ ಮೀನು ಮೇವಿಗಾಗಿ ಬಯಲಿಗೆ ಬರುತ್ತದೆ. ಧೈರ್ಯವು ಹುಟ್ಟುಗುಣವಷ್ಟೇ ಅಲ್ಲ, ಸಂಗದ ಫಲವೂ ಹೌದು. 12ನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಬದುಕು ಇದಕ್ಕೆ ನಿದರ್ಶನ.

ತುಂಗಭದ್ರೆಯಲ್ಲಿ ದೋಣಿ ನಡೆಸುವುದು ಆತನ ಕಾಯಕ. ಹಾವೇರಿ ಜಿಲ್ಲೆಯ ಚೌಡಯ್ಯದಾನಪುರ ಇಂದಿಗೂ ಆತನ ಹೆಸರನ್ನು ಹೊತ್ತಿದೆ. ಜಾತಿಶ್ರೇಣಿಯ ಸಮಾಜದಲ್ಲಿ ಅಂಬಿಗನ ಮಾತಿಗೆ ಬೆಲೆಯಿರಲಿಲ್ಲ. ಹುಮನಾಬಾದಿಗೆ ಸಮೀಪದ ಇಂದಿನ ಬಸವಕಲ್ಯಾಣ ಅಂದು ಕಳಚುರಿ ಬಿಜ್ಜಳನ ರಾಜಧಾನಿ. ಅಲ್ಲಿ ಬಸವಣ್ಣನ ಸುತ್ತ ನೆರೆದ ಶರಣ ಬಳಗದಲ್ಲಿ ಮಡಿವಾಳ ಮಾಚಯ್ಯ, ಸಮಗಾರ ಹರಳಯ್ಯ, ನುಲಿಯ ಚಂದಯ್ಯರ ಸಾಲಿನಲ್ಲಿ ಚೌಡಯ್ಯನಿಗೂ ಸಮಾನ ಸ್ಥಾನ ದೊರೆಯಿತು.

ಆ ಬಲದಿಂದ ಆತ ಡಾಂಭಿಕ ಗುರುಗಳನ್ನೂ ಕುಲದ ಅಹಂಕಾರವನ್ನೂ ನೇರ ನುಡಿಯಲ್ಲಿ ಖಂಡಿಸಿದ. ಲಿಂಗ ಧರಿಸಿಯೂ ಆಚಾರ ತಪ್ಪಿದ ತನ್ನವರನ್ನೂ ಬಿಡಲಿಲ್ಲ. ಬಹುಪಾಲು ಶರಣರು ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡರೆ, ಈತ ತನ್ನ ಹೆಸರನ್ನೇ ಅಂಕಿತವಾಗಿಸಿದ. ನುಡಿದ ಮಾತಿಗೆ ತಾನೇ ಹೊಣೆಯಾದ.

1167ರ ಸುಮಾರಿಗೆ ಬಿಜ್ಜಳನ ಹತ್ಯೆಯಾಗಿ ಶರಣರು ದಿಕ್ಕುಪಾಲಾದರು. ಬಳಗ ಚದುರಿದರೂ ಅದು ಕಲಿಸಿದ ಎದೆಗಾರಿಕೆ ವಚನಗಳಲ್ಲಿ ಉಳಿಯಿತು. ನಾಡು ಈಗ ಪ್ರತಿ ವರ್ಷ ಜನವರಿ 21ರಂದು ಆತನ ಜಯಂತಿಯನ್ನು ಆಚರಿಸುತ್ತದೆ.