ನಮ್ಮ ಕರಾವಳಿಯ ಸಂಸದ ಜೋಕಿಂ ಆಳ್ವ

ಹೆಬಳೆ, ಭಟ್ಕಳ, ಹೊನ್ನಾವರ, ಕುಮಟಾ ಭಾಗದ ಕಥೋಲಿಕ ಕುಟುಂಬಗಳ ಯುವಜನರಿಗೆ ಜೋಕಿಂ ಆಳ್ವರ ಹೆಸರು ಇಂದು ಅಪರಿಚಿತವಾಗಿರುವುದನ್ನು ಕಂಡು ನಾವು ಖೇದಗೊಂಡಿದ್ದೇವೆ. 1952, 1957 ಹಾಗೂ 1962ರಲ್ಲಿ, ಸತತವಾಗಿ ಮೂರು ಬಾರಿ, ಕೆನರಾ ಕ್ಷೇತ್ರವು ಲೋಕಸಭೆಗೆ ಕಳುಹಿಸಿದ್ದು ಇವರನ್ನೇ. ಮೊದಲ ಚುನಾವಣೆಯ ಕಾಲಕ್ಕೆ ನಮ್ಮ ಜಿಲ್ಲೆಯು ಮುಂಬಯಿ ರಾಜ್ಯದಲ್ಲಿತ್ತು. ಎರಡನೆಯದರ ವೇಳೆಗೆ ಮೈಸೂರಿಗೆ ಸೇರಿತ್ತು. ಕ್ರೈಸ್ತರು ಬೆರಳೆಣಿಕೆಯಷ್ಟೇ ಇದ್ದ ಈ ಕ್ಷೇತ್ರದಲ್ಲಿ ಅವರನ್ನು ಗೆಲ್ಲಿಸಿದವರು ಹೆಚ್ಚಾಗಿ ಅನ್ಯಧರ್ಮೀಯ ಬಾಂಧವರೇ ಎಂಬುದನ್ನು ಮರೆಯುವಂತಿಲ್ಲ.

ಆಳ್ವರು 1907ರ ಜನವರಿ 21ರಂದು ಉಡುಪಿ ಸಮೀಪದ ಬೆಳ್ಳೆಯಲ್ಲಿ ಜನಿಸಿದರು. ಮುಂಬಯಿಯಲ್ಲಿ ಕಾನೂನು ವ್ಯಾಸಂಗ ಮಾಡಿ ವಕೀಲರಾದರು. 1928ರಲ್ಲಿ ನಾರಿಮನ್ ಮೊದಲಾದವರೊಡನೆ ಮುಂಬಯಿಯ ಯುವ ಸಂಘವನ್ನು ಕಟ್ಟಿದರು. ಬಳಿಕ ಕ್ರೈಸ್ತರನ್ನು ಸ್ವಾತಂತ್ರ್ಯ ಚಳುವಳಿಗೆ ಕರೆತರಲು ರಾಷ್ಟ್ರೀಯವಾದಿ ಕ್ರೈಸ್ತರ ಪಕ್ಷವನ್ನು ಸ್ಥಾಪಿಸಿದರು.

ಇಲ್ಲಿ ತುಸು ನಿಲ್ಲಬೇಕು. ಆಳುವವರ ಧರ್ಮವೂ ನಮ್ಮದೇ ಆಗಿರುವಾಗ ಅವರನ್ನು ಎದುರಿಸುವುದೇಕೆ ಎಂಬ ಅಳುಕು ಅಂದು ನಮ್ಮ ಅನೇಕ ಮನೆಗಳಲ್ಲಿತ್ತು. ತರ್ಕದ ದೃಷ್ಟಿಯಿಂದ ಇದು ಎರಡು ಬೇರೆ ವಿಷಯಗಳನ್ನು ಒಂದೆಂದು ಭಾವಿಸಿದ ದೋಷ. ವಿಶ್ವಾಸವು ದೇವರಿಗೆ ಸಂಬಂಧಿಸಿದ್ದು, ಸಾಮ್ರಾಜ್ಯಕ್ಕಲ್ಲ. ಈ ಭೇದವನ್ನು ಆಳ್ವರು ತತ್ತ್ವಶಾಸ್ತ್ರದ ತರಗತಿಯಲ್ಲಿ ಕುಳಿತು ಬಿಡಿಸಲಿಲ್ಲ, ಸೆರೆಮನೆಗೆ ಹೋಗಿ ಬಿಡಿಸಿದರು. ಭಾರತೀಯ ಕ್ರೈಸ್ತರು ಮತ್ತು ರಾಷ್ಟ್ರೀಯತೆಯ ಕುರಿತು ಅವರು ಪುಸ್ತಕವನ್ನೇ ಬರೆದರು. 1943ರಲ್ಲಿ 'ಮೆನ್ ಆ್ಯಂಡ್ ಸೂಪರ್‌ಮೆನ್ ಆಫ್ ಹಿಂದೂಸ್ತಾನ್' ಎಂಬ, ನಾಯಕರ ವ್ಯಕ್ತಿಚಿತ್ರಗಳ ಗ್ರಂಥ ಹೊರಬಂದಿತು; ಅದೇ ವರ್ಷ 'ಫೋರಂ' ವಾರಪತ್ರಿಕೆಯೂ ಆರಂಭವಾಯಿತು.

1937ರಲ್ಲಿ ಅವರು ವರಿಸಿದ್ದು ವಾಯೊಲೆಟ್ ಹರಿಯವರನ್ನು. ಆಕೆ ಗುಜರಾತಿನವರು, ಆಂಗ್ಲಿಕನ್ ಸಭೆಯ ಪಾದ್ರಿಯ ಮಗಳು. ಅಂದಿನ ದಿನಗಳಲ್ಲಿ ಇಂತಹ ವಿವಾಹವು ಎರಡೂ ಕಡೆ ಎಷ್ಟು ಹುಬ್ಬುಗಳನ್ನು ಮೇಲೇರಿಸುತ್ತಿತ್ತೆಂಬುದು ವಿವಾಹದ ಕಡತಗಳನ್ನು ನೋಡುವ ನಮ್ಮಂಥವರಿಗೆ ಗೊತ್ತು. ಆಕೆಯೂ ವಕೀಲೆ. ಸ್ವಾತಂತ್ರ್ಯ ಹೋರಾಟದಲ್ಲಿ ಎಳೆಗೂಸಿನೊಂದಿಗೆ ಆರ್ಥರ್ ರೋಡ್ ಸೆರೆಮನೆಯಲ್ಲಿದ್ದವರು. 1952ರಲ್ಲಿ ಪತಿ ಲೋಕಸಭೆಯಲ್ಲಿ, ಪತ್ನಿ ರಾಜ್ಯಸಭೆಯಲ್ಲಿ. ನಮ್ಮ ಸಂಸತ್ತಿನ ಪ್ರಥಮ ದಂಪತಿ ಇವರೇ. ಪದವಿಯಲ್ಲಿ ಪತ್ನಿಯೇ ಮುಂದೆ ನಡೆದರು: ಗೃಹಖಾತೆಯ ಉಪಸಚಿವೆ, 1962ರಿಂದ ರಾಜ್ಯಸಭೆಯ ಉಪಸಭಾಪತಿ. ಆಳ್ವರು ಮಂತ್ರಿಯಾಗಲೇ ಇಲ್ಲ.

1967ರಲ್ಲಿ ಕ್ಷೇತ್ರವು ಅಂಕೋಲೆಯ ದಿನಕರ ದೇಸಾಯಿಯವರನ್ನು ಆರಿಸಿತು. ಅವರೂ ಬರಹಗಾರರೇ, ಈ ಮಟ್ಟಿಗೆ ನಮ್ಮ ಜಿಲ್ಲೆಯ ಮತದಾರರ ಅಭಿರುಚಿಯನ್ನು ಮೆಚ್ಚಲೇಬೇಕು. ಆಳ್ವರು 1968ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಮರುವರ್ಷದ ನವೆಂಬರ್‌ನಲ್ಲಿ ವಾಯೊಲೆಟ್ ತೀರಿಕೊಂಡರು. ಆಳ್ವರು ಮತ್ತೂ ಹತ್ತು ವರ್ಷ ಬದುಕಿ 1979ರ ಜೂನ್ 28ರಂದು ದೈವಾಧೀನರಾದರು.

ಅವರ ಸೊಸೆ ಮಾರ್ಗರೆಟ್ ಆಳ್ವ 1999ರಲ್ಲಿ ಇದೇ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. 2008ರಲ್ಲಿ ಅಂಚೆ ಇಲಾಖೆಯು ದಂಪತಿಗಳ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. ಒಂದೇ ಚೀಟಿ, ಇಬ್ಬರ ಭಾವಚಿತ್ರ.